ನೋವಿಲ್ಲ ಅಂದ ಅಪ್ಪ

ಗೋಡೆಗೆ ಬಣ್ಣ ಬಳಿಯುವುದು ಅಪ್ಪ ಮಗಳಿಬ್ಬರ ಕಸುಬು. ಅಂದು ಬೆಳಿಗ್ಗೆ ಶಾಲೆಯೊಂದರ ಮಹಡಿ ಮೆಟ್ಟಿಲಿನ ಗೋಡೆ ಬಳಿಯುತ್ತಿದ್ದಾಗ ಅಪ್ಪ ನಿಂತಿದ್ದ ಏಣಿ ಜಾರಿತು. ಮೆಟ್ಟಿಲ ಕಂಬಿಗೆ ಎಡಪಕ್ಕೆ ಬಡಿದು ಅವರು ಕೆಳಗುರುಳಿದರು.

ಮಗಳು ಬ್ರಷ್ ಎಸೆದು ಓಡಿ ಬರುವಷ್ಟರಲ್ಲಿ ತಾವೇ ಎದ್ದು ಕೂತಿದ್ದರು.

"ಎಲ್ಲಿ ಪೆಟ್ಟಾಯ್ತಪ್ಪಾ?"

"ಎಲ್ಲೂ ಇಲ್ಲ ಕಣೆ. ಗೋಡೆಗಿಂತ ನನಗೇ ಜಾಸ್ತಿ ಬಣ್ಣ ಆಯ್ತು ನೋಡು," ಎಂದು ನಕ್ಕರು.

"ನಡಿ, ಆಸ್ಪತ್ರೆಗೆ ಹೋಗಿ ಬರೋಣ."

"ನೋವೇ ಇಲ್ದೆ ಡಾಕ್ಟರಿಗೆ ಏನಂತ ಹೇಳ್ಲಿ? ನಿನ್ನಾಣೆ, ನೋವಿಲ್ಲ. ಬಣ್ಣ ಒಣಗೋ ಮುಂಚೆ ಆ ಅಂಚು ಮುಗಿಸು."

ಅವಳು ಏಣಿ ಹತ್ತಿದಳು. ಅಪ್ಪ ಬಣ್ಣದ ಡಬ್ಬಿಯ ಮೇಲೆ ಕೂತು, ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಎಂದು ಹುಳುಕು ಹುಡುಕುತ್ತಿದ್ದರು. ಎರಡು ಸಲ ನೀರು ಕೇಳಿದರು. ಹಣೆ ಬೆವರಿತ್ತು. ತುಟಿ ಬಿಳಿಚಿದ್ದನ್ನು ಅವಳು ಗೋಡೆ ಉಜ್ಜಿದ ಪುಡಿ ಎಂದುಕೊಂಡಳು. ಅರ್ಧ ಗಂಟೆ ಕಳೆದಿರಬೇಕು. ಮಾತು ನಿಂತಿತಲ್ಲ ಎಂದು ತಿರುಗಿ ನೋಡಿದರೆ ಅಪ್ಪನ ತಲೆ ಪಕ್ಕಕ್ಕೆ ವಾಲಿತ್ತು.

ಶಾಲೆಯ ಕಾವಲುಗಾರ ಗಾಡಿ ತಂದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಎಡಪಕ್ಕೆಯೊಳಗಿನ ಗುಲ್ಮವೆಂಬ ಅಂಗ ಒಡೆದು ಹೊಟ್ಟೆ ತುಂಬ ರಕ್ತ ತುಂಬಿಕೊಂಡಿದೆ ಎಂದರು ಡಾಕ್ಟರಮ್ಮ.

"ನೋವಿಲ್ಲ ಅಂತ ಆಣೆ ಇಟ್ರು ಮೇಡಂ. ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ರಾ?"

ಡಾಕ್ಟರಮ್ಮ ಬೆಂಚಿನ ಮೇಲೆ ಅವಳ ಪಕ್ಕ ಕೂತರು.

"ಸುಳ್ಳಲ್ಲಮ್ಮ. ದೊಡ್ಡ ಪೆಟ್ಟು ಬಿದ್ದಾಗ ಕೆಲವು ಸಲ ಹೀಗಾಗುತ್ತೆ. ನಮ್ಮ ಮೆದುಳೇ ಅಫೀಮಿನಂಥ ವಸ್ತು ತಯಾರಿಸುತ್ತೆ, ಎಂಡಾರ್ಫಿನ್ ಅಂತ. ನೋವಿನ ಸುದ್ದಿ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟೋ ಕಡೆ ಅದು ಹೋಗಿ ಕೂತು, ಸುದ್ದಿ ಮುಂದೆ ಹೋಗದ ಹಾಗೆ ತಡೆಯುತ್ತೆ. ನಾವು ಕೊಡೋ ಮಾರ್ಫಿನ್ ಕೆಲಸ ಮಾಡೋದೂ ಅಲ್ಲೇ. ಪೆಟ್ಟು ತಿಂದ ಜೀವ ಎದ್ದು ಓಡಿ ಪಾರಾಗಲಿ ಅಂತ ಈ ಏರ್ಪಾಡು."

"ಅಪ್ಪ ಓಡಲಿಲ್ಲವಲ್ಲ ಮೇಡಂ. ಕೂತ್ಬಿಟ್ರು. ನಾನೂ ಕೂರೋಕೆ ಬಿಟ್ಟೆ."

ಡಾಕ್ಟರಮ್ಮ ಅವಳ ಭುಜದ ಮೇಲೆ ಕೈಯಿಟ್ಟರು.

ಮನೆಯಲ್ಲಿ ಅಮ್ಮ ಮೊದಲು ಕೇಳಿದ್ದು, "ತುಂಬ ಒದ್ದಾಡಿದ್ರಾ?" ಎಂದು.

"ಇಲ್ಲಮ್ಮ. ಗೊತ್ತೇ ಆಗಲಿಲ್ಲ ಅವರಿಗೆ."

ಮಗಳು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದಳು. ತಾನು ಅಂಚು ಬಳಿಯುತ್ತ ಕಳೆದ ಅರ್ಧ ಗಂಟೆಯನ್ನೂ ಮುಚ್ಚಿಡಲಿಲ್ಲ. ಅಮ್ಮ ಬೈಯುತ್ತಾಳೆಂದು ಕಾದಳು. ಬೈದಿದ್ದರೆ ಎದೆ ಹಗುರವಾಗುತ್ತಿತ್ತು.

"ನಾನಿದ್ದಿದ್ರೂ ನಂಬ್ತಿದ್ದೆ ಕಣೆ," ಎಂದಳು ಅಮ್ಮ. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಮುಂದಿನ ವಾರ ಉಳಿದ ಕೆಲಸಕ್ಕೆಂದು ಮಗಳು ಒಬ್ಬಳೇ ಹೊರಟಾಗ ಅಮ್ಮನೂ ಚಪ್ಪಲಿ ಮೆಟ್ಟಿಕೊಂಡಳು. ಶಾಲೆಯಲ್ಲಿ ಮಗಳು ಏಣಿ ಹತ್ತಿದಾಗ ಅಮ್ಮ ಕೆಳಗೆ ನಿಂತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.