ಸಡಿಲ ಹಿಡಿತ

ಫಿಲ್ಮ್ ಮತ್ತೆ ಬರಿದಾಗಿಯೇ ಹೊರಬಂತು.

ಟಾವ್ ಎಂಬ ಪ್ರೋಟೀನಿಗೆ ಅತಿಯಾಗಿ ಅಂಟಿದ ಫಾಸ್ಫೇಟನ್ನು ಕಿತ್ತುಹಾಕುವ ಕಿಣ್ವವೊಂದಿದೆ. ಆ ಕೆಲಸಕ್ಕೆ ಅದು ಟಾವನ್ನು ಹಿಡಿದುಕೊಳ್ಳಬೇಕು. ಅಲ್ಜೈಮರ್ ಬಂದ ಮೆದುಳಿನಲ್ಲಿ ಆ ಹಿಡಿತ ಉಳಿದಿದೆಯೇ ಎಂದು ಅವಳು ನೋಡಬೇಕಿತ್ತು. ಹಿಡಿತವಿದ್ದರೆ ಫಿಲ್ಮಿನ ಮೇಲೆ ಕಪ್ಪು ಪಟ್ಟಿ ಮೂಡಬೇಕು. ರೋಗವಿಲ್ಲದ ಮೆದುಳಿನ ಚೂರಿನಲ್ಲೂ ಏನೂ ಕಾಣಲಿಲ್ಲ.

"ಇನ್ನೊಂದು ಸಲಕ್ಕಾಗುವಷ್ಟು ಚೂರಿದೆ," ಎಂದರು ಲ್ಯಾಬಿನ ಮುಖ್ಯಸ್ಥೆ. "ಆಗಲೂ ಬರ್ಲಿಲ್ಲ ಅಂದ್ರೆ ಇದನ್ನ ಇಲ್ಲಿಗೇ ಬಿಟ್ಬಿಡೋಣ."

ಗಂಡ ತೀರಿಹೋದ ಮೇಲೆ ಅವಳಿಗೆ ಬೆಳಿಗ್ಗೆ ಎದ್ದು ಹೊರಡಲು ಇದ್ದ ಕಾರಣ ಈ ಪ್ರಯೋಗವೊಂದೇ.

ಪಕ್ಕದ ಮೇಜಿನವನಿಗೆ ಉಪ್ಪಣ್ಣ ಎಂದೇ ಹೆಸರು ಬಿದ್ದಿತ್ತು. ಯಾರ ಪ್ರಯೋಗ ಕೆಟ್ಟರೂ ಮೊದಲು ಉಪ್ಪಿನ ವಿಚಾರ ಎತ್ತುತ್ತಿದ್ದ.

"ತೊಳೆಯೋ ದ್ರಾವಣಕ್ಕೆ ಉಪ್ಪು ಎಷ್ಟು ಹಾಕ್ತೀಯ ತಾಯಿ?"

ಹೇಳಿದಳು.

"ಸಮುದ್ರಾನೇ ತಂದು ಸುರೀತಿದ್ದೀಯಲ್ಲ. ಸಾಬೂನು?"

"ಅದೂ ಜಾಸ್ತಿನೇ. ಮೊದಲು ಕಡಿಮೆ ಹಾಕಿದ್ದಾಗ ಫಿಲ್ಮೆಲ್ಲ ಮಸಿ. ಕೊಳಕು ಕೆಲಸ ಅಂತ ಎಲ್ಲರೆದುರು ಅನ್ನಿಸ್ಕೊಂಡೆ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡೆ ಅನ್ನು. ಆ ಕಿಣ್ವ ಟಾವನ್ನ ಹಿಡ್ಕೊಂಡಿರೋದೇ ಬೆರಳ ತುದೀಲಿ. ಇಷ್ಟು ತಿಕ್ಕಿದ್ರೆ ಬಿಟ್ಟು ಹೋಗದೆ ಇರುತ್ತಾ? ಸ್ವಲ್ಪ ಕೊಳೆ ಇದ್ರೆ ಇರಲಿ."

ಎರಡೂ ಮೆದುಳುಗಳ ಕೊನೆಯ ಚೂರುಗಳನ್ನು ಅರೆದು, ಕಡಿಮೆ ಉಪ್ಪಿನಲ್ಲಿ, ಸಾಬೂನು ಮುಟ್ಟಿಸಿಯೂ ಮುಟ್ಟಿಸದ ಹಾಗೆ ತೊಳೆದಳು. ಈ ಸಲ ಫಿಲ್ಮ್ ಮಬ್ಬಾಗಿತ್ತು. ಆ ಮಬ್ಬಿನಲ್ಲಿ ರೋಗವಿಲ್ಲದ ಮೆದುಳಿನ ಪಟ್ಟಿ ಕಪ್ಪಗೆ ಎದ್ದು ಕಾಣುತ್ತಿತ್ತು. ಪಕ್ಕದಲ್ಲಿ ರೋಗದ್ದು, ಪೆನ್ಸಿಲಿನಲ್ಲಿ ಗೀಚಿ ಅಳಿಸಿದಷ್ಟು ತೆಳ್ಳಗೆ. ಕೊಳೆಯಾಗಿದ್ದರೆ ಹೋಲಿಕೆಗೆಂದು ಕಿಣ್ವವಿಲ್ಲದೆ ಇಟ್ಟ ಸಾಲಿನಲ್ಲೂ ಪಟ್ಟಿ ಬರಬೇಕಿತ್ತು; ಆ ಸಾಲು ಖಾಲಿ ಇತ್ತು. ಹಾಗಾಗಿ ಇದು ಕೊಳೆಯಲ್ಲ. ಹಿಡಿತ ಸಡಿಲವಾಗಿತ್ತು, ತಪ್ಪಿರಲಿಲ್ಲ.

ಮುಖ್ಯಸ್ಥೆ ಫಿಲ್ಮನ್ನು ಬೆಳಕಿಗೆ ಹಿಡಿದರು.

"ಕೊಳಕೇ. ಆದ್ರೆ ಇದೆ. ಮುಂದುವರಿಸು."

ಮನೆಗೆ ಬಂದಾಗ ಅತ್ತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದರು. ಅವರಿಗೂ ಅದೇ ರೋಗ.

"ಅವನು ಬಂದ್ನಾ?"

ದಿನವೂ ಇದೇ ಪ್ರಶ್ನೆ. ಸುಳ್ಳು ಬೇಡವೆಂದು ಅವಳು ದಿನವೂ ನಿಜ ಹೇಳುತ್ತಿದ್ದಳು. ಮಗ ಸತ್ತ ಸುದ್ದಿಯನ್ನು ಅತ್ತೆ ದಿನವೂ ಹೊಸದಾಗಿ ಕೇಳುತ್ತಿದ್ದರು. ಆಮೇಲೆ ಊಟವಿಲ್ಲ, ಸೊಸೆಯ ಗುರುತೂ ಇಲ್ಲ.

ಅವಳು ಚಪ್ಪಲಿ ಬಿಟ್ಟಳು. ಚೀಲ ಕೆಳಗಿಟ್ಟಳು.

"ಇನ್ನೂ ಇಲ್ಲ ಅತ್ತೆ."

"ಅವನದು ಯಾವಾಗ್ಲೂ ಇದೇ ಗೋಳು. ನೀನಾದ್ರೂ ಬಂದ್ಯಲ್ಲ," ಎಂದು ಅತ್ತೆ ಅವಳ ತೋಳು ಹಿಡಿದು ಎದ್ದರು. "ತಟ್ಟೆ ಹಾಕು, ಹಸಿವು. ಅವನಿಗೂ ಒಂದಿಡು."

ಇಟ್ಟಳು. ಅತ್ತೆ ಉಂಡರು. ಎರಡನೆಯ ಸಲವೂ ಬಡಿಸಿಕೊಂಡರು.