ಒಂಬತ್ತನೆಯ ಆಲ್ಬಮ್ಮಿನ ನಿಧಾನ

ರೆಕಾರ್ಡ್ ಕಂಪನಿಯಿಂದ ಬಂದ ಕಾಗದ ನಾಲ್ಕು ದಿನದಿಂದ ಸಕ್ಕರೆ ಡಬ್ಬಿಯ ಕೆಳಗಿತ್ತು. ನನ್ನ ಗಂಡನ ಪ್ರೋಗ್ರೆಸಿವ್ ರಾಕ್ ತಂಡದ ಒಂಬತ್ತನೆಯ ಆಲ್ಬಮ್ಮನ್ನು ಮತ್ತೆ ಹೊರತರುತ್ತಾರಂತೆ. ಎಲ್ಲ ಹಾಡಿಗೂ ಡ್ರಮ್ಸ್ ಬಾರಿಸಿದ್ದು ಇವರೇ ಎಂಬುದಕ್ಕೆ ಸಹಿ ಬೇಕು. ಇವರ ಕೈ ಈಗ ಪೆನ್ನು ಹಿಡಿಯುವುದಿಲ್ಲ. ಸಹಿ ನಾನೇ ಹಾಕಬೇಕು. ನನಗೋ, ಆ ಮಾತಿನ ಮೇಲೆ ನಂಬಿಕೆಯೇ ಇರಲಿಲ್ಲ.

ಆಲ್ಬಮ್ ಬಂದಾಗ ಪತ್ರಿಕೆಗಳು ಅದನ್ನು ಮುದುಕರ ಆಕಳಿಕೆ ಎಂದು ಗೇಲಿ ಮಾಡಿದ್ದವು. ಇಪ್ಪತ್ತೆಂಟು ವರ್ಷದ ಮೇಲೆ ವಿಮರ್ಶಕನೊಬ್ಬ ಅದೇ ಈ ತಂಡದ ಅತ್ಯುತ್ತಮ ಕೆಲಸ, ಅದರ ನಿಧಾನದಲ್ಲೇ ಆಳವಿದೆ ಎಂದು ಬರೆದಿದ್ದಾನೆ. ಕೊನೆಗೆ ಒಂದು ಮಾತು ಸೇರಿಸಿದ್ದಾನೆ: ಡ್ರಮ್ಸಿನಲ್ಲಿ ಮಾತ್ರ ಬೇರೆ ಯಾರದೋ ಕೈ ಇದ್ದಂತಿದೆ.

ಅನುಮಾನಪಡಲು ನನಗೆ ಅವನು ಬೇಕಿರಲಿಲ್ಲ. ಇವರ ಬಲಗೈ ನಡುಗಲು ಶುರುವಾದದ್ದು ಆ ಆಲ್ಬಮ್ ಮಾಡಿದ ವರ್ಷವೇ. ಅಂಗಿಯ ಗುಂಡಿ ನಾನೇ ಹಾಕಿ ಕಳಿಸುತ್ತಿದ್ದೆ. ಗುಂಡಿ ಹಾಕಲಾರದ ಕೈ ಆ ಆಲ್ಬಮ್ಮಿನ ಏಳು ಏಟಿನ ತಾಳವನ್ನು ಇಪ್ಪತ್ತು ನಿಮಿಷ ಹೇಗೆ ಬಾರಿಸೀತು? ಸಂಜೆ ರೆಕಾರ್ಡಿಂಗಿನಿಂದ ಬಂದು, ಚೆನ್ನಾಗಿ ಬಂತು ಅನ್ನುತ್ತಿದ್ದರು. ಹಿಂದೆಯೇ ಗಿಟಾರಿನವನಿಗೆ ಬೈಗುಳ: ಸೋಮಾರಿ, ಹಾಡನ್ನೆಲ್ಲ ಎಳೆದುಬಿಟ್ಟ. ಅಂದಿನಿಂದ ನಮ್ಮ ಮನೆಯಲ್ಲಿ ಅವನ ಹೆಸರೇ ಸೋಮಾರಿ. ತಮ್ಮದನ್ನು ಮುಚ್ಚಿಕೊಳ್ಳಲು ಅವನನ್ನು ಬೈಯುತ್ತಾರೆ ಎಂದೇ ನಾನು ತಿಳಿದಿದ್ದೆ.

ಆಗಿನ ಅಭ್ಯಾಸದ ಕ್ಯಾಸೆಟ್ಟುಗಳಿದ್ದರೆ ಅವನ್ನೂ ಕಳಿಸಿ ಎಂದು ಕಂಪನಿಯವರು ಕೇಳಿದ್ದರು. ಮಂಚದಡಿಯ ಪೆಟ್ಟಿಗೆಯಲ್ಲಿ ಆರಿದ್ದವು. ಇವರು ಒಮ್ಮೆಯೂ ಮುಟ್ಟಿರಲಿಲ್ಲ. ಇವರು ಕ್ಷೌರಕ್ಕೆ ಹೋದಾಗ, ಕಳ್ಳನನ್ನು ಹಿಡಿಯಲು ಕಾದವಳ ಹಾಗೆ ಒಂದೊಂದನ್ನೇ ಹಾಕಿ ಕೇಳಿದೆ.

ಮೂರನೆಯದರಲ್ಲಿ ಡ್ರಮ್ಮಿನ ಕೋಲು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ತಕ್ಷಣ ಸೋಮಾರಿಯ ದನಿ: "ತಪ್ಪು ನಂದು ಕಣೋ. ಬೆರಳು ಓಡ್ತಿಲ್ಲ. ಇನ್ನೊಂಚೂರು ನಿಧಾನ ಮಾಡೋಣ."

"ನಿಂಗೆ ವಯಸ್ಸಾಯ್ತು ಬಿಡು," ಅಂದರು ಇವರು.

ಹಾಡು ಮತ್ತೆ ಶುರುವಾಯಿತು. ಬಾರಿಸುತ್ತಿದ್ದದ್ದು ಇವರೇ. ಏಳನೆಯ ಏಟಿಗೊಮ್ಮೆ ಮೂಗಿನಲ್ಲೇ ‘ಹ್ಞೂಂ’ ಅನ್ನುವ ಅಭ್ಯಾಸ ಇವರೊಬ್ಬರದು. ಹಾಡು ಮುಗಿದ ಮೇಲೆ ಟೀ ಕುಡಿದು ಬರುತ್ತೇನೆಂದು ಹೊರಟರು. ಬಾಗಿಲು ಮುಚ್ಚಿದ್ದು ಕೇಳಿಸಿತು.

ಟೇಪು ಓಡುತ್ತಲೇ ಇತ್ತು. ಗಿಟಾರೊಂದೇ ನುಡಿಯಿತು. ಅದೇ ಹಾಡು, ಎರಡರಷ್ಟು ವೇಗ, ಒಂದು ಸ್ವರವೂ ತಪ್ಪಲಿಲ್ಲ. ಕೀಬೋರ್ಡಿನವನು ನಗುತ್ತಾ, ಈಗ ಹೇಗಪ್ಪಾ ಬೆರಳು ಓಡಿತು ಎಂದು ಕೇಳಿದ.

"ಸುಮ್ನಿರಯ್ಯ. ಅವನು ಬಂದ್ಬಿಡ್ತಾನೆ," ಅಂದ ಸೋಮಾರಿ.

ಸೋಮಾರಿಗೆ ಫೋನ್ ಮಾಡಿ, ಬೆರಳು ಹೇಗಿದೆ ಎಂದು ಕೇಳಿದೆ.

"ಆ ವರ್ಷ ಮಾತ್ರ ತೊಂದರೆ ಕೊಟ್ಟಿತ್ತು ಅತ್ತಿಗೆ," ಅಂದ.

ನಾಳೆ ಊಟಕ್ಕೆ ಬಾ ಎಂದೆ. ಮೂರನೆಯ ಕ್ಯಾಸೆಟ್ಟನ್ನು ನನ್ನ ಬಟ್ಟೆಗಳಡಿ ಸೇರಿಸಿ, ಉಳಿದ ಐದನ್ನು ಕಟ್ಟಿಟ್ಟು, ಕಾಗದಕ್ಕೆ ಸಹಿ ಹಾಕಿದೆ.

ಇವರು ಬಂದರು. ಕ್ಷೌರದವನು ಕಾಲರಿನ ಗುಂಡಿಯನ್ನೂ ಹಾಕಿ ಕಳಿಸಿದ್ದ.

"ನಾಳೆ ಸೋಮಾರಿ ಊಟಕ್ಕೆ ಬರ್ತಾನೆ," ಅಂದೆ. "ಒಂದು ದಿನ ಬೈಬೇಡಿ."

"ಅದ್ಯಾಕೆ?" ಎನ್ನುತ್ತಾ ಇವರು ನನ್ನನ್ನೇ ಅನುಮಾನದಿಂದ ನೋಡಿದರು.