ಖಂಡೇನವಮಿಯ ಕಂಪ್ರೆಸರ್

ನನ್ನ ಅಳಿಯ ನಿಶಾಂತನಿಗೆ ತಿಳಿಯದ ವಿಷಯ ಈ ಭೂಮಿಯ ಮೇಲೆ ಒಂದೂ ಇಲ್ಲ. ಹೈಟೆಕ್ ಸಿಟಿ ಎದ್ದು ನಿಂತ ಹೊಸತರಲ್ಲಿ ಮಾದಾಪುರದ ಗಾಜಿನ ಕಟ್ಟಡವೊಂದರಲ್ಲಿ ಟೀಮ್ ಲೀಡರ್ ಆದನಲ್ಲ, ಅಂದಿನಿಂದ ಅವನಿಗೆ ಈ ಜ್ಞಾನೋದಯ. ಅದಕ್ಕೂ ಮೊದಲು ಬಲ್ಬು ಬದಲಿಸಲಿಕ್ಕೂ ಎಲೆಕ್ಟ್ರಿಷಿಯನ್ ಬರಬೇಕಿತ್ತು. ಈಗ ನಿಜಾಂಪೇಟೆಯಲ್ಲಿ ಸ್ವಂತ ಮನೆ, ಮನೆಗೊಂದು ಕಾರು, ಕಾರಿನ ಗಾಲಿಗೆ ಗಾಳಿ ತುಂಬಲು ರಾಣಿಗಂಜಿನ ಯಂತ್ರಗಳ ಬಜಾರಿನಿಂದ ಹೊತ್ತು ತಂದ ಹಳೆಯ ಕಂಪ್ರೆಸರ್. ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಸಿಗುವ ಗಾಳಿ ಸಾಹೇಬರ ಕಾರಿಗೆ ಆಗಿಬರುವುದಿಲ್ಲವಂತೆ.

ನಾನು ಬಾಯ್ಲರ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಪಟಾನ್‌ಚೆರು, ಜೀಡಿಮೆಟ್ಲಾದ ಕಾರ್ಖಾನೆ ಮಾಲೀಕರು ನನ್ನ ಎದುರು ಕೈಕಟ್ಟಿ ನಿಲ್ಲುತ್ತಿದ್ದರು. ಆದರೆ ನಮ್ಮಲ್ಲಿ ಅಳಿಯನೆಂದರೆ ದೇವರು. ಮದುವೆಯಲ್ಲಿ ಅವನ ಕಾಲು ತೊಳೆದ ಮೇಲೆ ಮುಗಿಯಿತು, ಮಾವ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಅವನು ಆ ಕಂಪ್ರೆಸರಿನ ಗಾಳಿಯಿಂದ ಮೈಮೇಲಿನ ಅಂಗಿಯ ಧೂಳು ಊದಿಕೊಂಡಾಗ, ನನ್ನ ಮಗಳು ಭಕ್ತಿಯ ಸೆರಗಿಗೆ ತಮಾಷೆಗೆ ಪೈಪು ಹಿಡಿದಾಗ, ಕಣ್ಣು ಹೋಗುತ್ತದೆ, ಗಾಳಿ ಚರ್ಮದೊಳಗೆ ನುಗ್ಗಿದರೆ ಜೀವಕ್ಕೇ ಕುತ್ತು ಎಂದು ಮೆತ್ತಗೆ ಹೇಳಿದ್ದೆ. ಮಾವನವರ ಕಾಲದ ಯಂತ್ರಗಳೇ ಬೇರೆ ಎಂದು ನಕ್ಕಿದ್ದ. ಗಾಳಿ ಅದೇ ಕಾಲದ್ದು ಮಹಾರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಖಂಡೇನವಮಿಯ ದಿನ ಕಾರಿನ ಶೆಡ್ಡಿನಲ್ಲಿ ಆಯುಧಪೂಜೆ. ನೆಲಕ್ಕೆ ರಂಗೋಲಿ, ಟ್ಯಾಂಕಿಗೆ ಚೆಂಡುಹೂವಿನ ಹಾರ. ಯಂತ್ರ ನಡೆಯುತ್ತಿರುವಾಗಲೇ ಆರತಿಯಾಗಬೇಕೆಂದು ನಿಶಾಂತನ ತಾಯಿ ಕೃಷ್ಣಾಬಾಯಿಯವರ ಅಪ್ಪಣೆ. ಅವನು ಚಾಲೂ ಮಾಡಿದ. ಭಕ್ತಿ ಆರತಿ ತಟ್ಟೆ ಹಿಡಿದು ಟ್ಯಾಂಕಿನ ಎದುರಿಗೇ ನಿಂತಳು.

ಗಾಳಿ ತುಂಬಿದ ಮೇಲೆ ಮೋಟರು ತಾನಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಆಗ ಸೇಫ್ಟಿ ವಾಲ್ವ್ ತೆರೆದುಕೊಂಡು ಹೆಚ್ಚಿನ ಗಾಳಿ ಹೊರಗೆ ಬಿಡಬೇಕು. ಅದೂ ಇಲ್ಲ. ಬಗ್ಗಿ ನೋಡಿದರೆ ವಾಲ್ವ್ ಇರಬೇಕಾದ ಜಾಗದಲ್ಲಿ ಒಂದು ಬೋಲ್ಟು, ಅದರ ತಲೆಗೆ ಕುಂಕುಮ. ಇದೇನೆಂದು ಕೇಳಿದೆ.

"ಅದು ಸುಮ್ಮಸುಮ್ಮನ ಲೀಕ್ ಆಗತಿತ್ತು ಮಾವಾರ. ತಗದು ಬಂದ್ ಮಾಡೀನಿ," ಎಂದ, ಹೆಮ್ಮೆಯಿಂದ.

ಲೀಕಂತೆ. ಜೀವ ಕಾಯಲೆಂದು ಕೂಗಿಕೊಳ್ಳುತ್ತಿದ್ದ ವಾಲ್ವನ್ನೇ ಕಿತ್ತು ಬೋಲ್ಟು ಜಡಿದಿದ್ದಾನೆ ಪುಣ್ಯಾತ್ಮ. ಒತ್ತಡ ತೋರಿಸುವ ಮೀಟರಿನ ಮುಳ್ಳು ಆಗಲೇ ಕೆಂಪು ಗೆರೆ ದಾಟಿತ್ತು. ಆ ತುಕ್ಕು ಹಿಡಿದ ಟ್ಯಾಂಕು ಸಿಡಿದರೆ ಮೊದಲು ಹೋಗುವವಳು ನನ್ನ ಮಗಳು. ಅಳಿಯ ದೇವರು ಹಾಳಾಗಿ ಹೋಗಲಿ ಎಂದುಕೊಂಡು ಗೋಡೆಯ ಸ್ವಿಚ್ಚು ಆರಿಸಿದೆ, ಎಲ್ಲರನ್ನೂ ಗದರಿಸಿ ಹೊರಗೆ ಹಾಕಿದೆ. ಪೈಪನ್ನು ಉದ್ದಕ್ಕೆ ಎಳೆದು, ಕಂಬದ ಮರೆಯಲ್ಲಿ ನಿಂತು ಗಾಳಿ ಬಿಟ್ಟೆ. ಮುಳ್ಳು ಕೆಳಗಿಳಿದ ಮೇಲೆ ಟ್ಯಾಂಕಿನ ಅಡಿಯ ನಲ್ಲಿ ತಿರುವಿದೆ. ತಂದಂದಿನಿಂದ ಒಮ್ಮೆಯೂ ಬಸಿಯದ ಕಂದು ನೀರು ರಂಗೋಲಿಯ ಮೇಲೆಲ್ಲ ಹರಿಯಿತು.

ಕೃಷ್ಣಾಬಾಯಿಯವರು ರಂಪ ಎಬ್ಬಿಸಿದರು. ಆರತಿ ಅರ್ಧಕ್ಕೇ ನಿಂತಿತು, ಹೊಲಸು ನೀರು ಹರಿಯಿತು, ಎಂಥ ಅಪಶಕುನ. ಬೀಗನಾದ ನಾನು ಅಳಿಯನಿಗೆ ಕೈಮುಗಿದು ತಪ್ಪಾಯಿತು ಎನ್ನಬೇಕು, ಇಲ್ಲವಾದರೆ ತಾವು ಹಬ್ಬದೂಟ ಮುಟ್ಟುವುದಿಲ್ಲವಂತೆ. ನಿಶಾಂತ ಮುಖ ಊದಿಸಿಕೊಂಡು ನಿಂತಿದ್ದ. ಏನೂ ಆಗುತ್ತಿರಲಿಲ್ಲ, ಮಾವನವರು ವಯಸ್ಸಾಗಿ ಹೆದರಿದ್ದಾರೆ, ಬೋಲ್ಟು ಹಾಗೇ ಇರಲಿ, ಆರತಿ ಮೊದಲಿನಿಂದ ನಡೆಯಲಿ ಎಂದ.

ನಾನು ಕೈಜೋಡಿಸಿದೆ. ಮಗಳು ಬಾಳಬೇಕಾದ ಮನೆ. ಈಗ ಅಪಮಾನ ನುಂಗಿದರೆ ಆಮೇಲೆ ಗೋಗರೆದಾದರೂ ಆ ಬೋಲ್ಟು ತೆಗೆಸಬಹುದು ಎಂಬ ಆಸೆ.

ಭಕ್ತಿ ಬಂದು ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಅತ್ತೆಯ ಎದುರು ತಲೆ ಎತ್ತದ ಹುಡುಗಿ ಅವಳು.

"ಏನೂ ಆಗೂದಿಲ್ಲ ಅಂತೀರಲ್ಲ," ಎಂದಳು ಗಂಡನಿಗೆ. "ಹಂಗಾರ ಮತ್ತ ಚಾಲೂ ಮಾಡ್ರಿ. ಮುಳ್ಳು ಕೆಂಪು ಗೆರಿ ದಾಟೂತನಕ ನೀವೊಬ್ಬರೇ ಅದರ ಬಾಜೂ ಕೂಡ್ರಿ. ನಾವು ರಸ್ತಾದಾಗ ನಿಂತು ಆರತಿ ಹಾಡ್ತೀವಿ."

ನಿಶಾಂತ ನಕ್ಕ. ಮತ್ತಾರೂ ನಗಲಿಲ್ಲ. ಮೊಂಡು ಬಿದ್ದು ಸ್ವಿಚ್ಚಿನ ಕಡೆ ನಡೆದ. ಭಕ್ತಿ ಆರತಿ ತಟ್ಟೆ ಎತ್ತಿಕೊಂಡು ನನ್ನನ್ನು ಗೇಟಿನತ್ತ ಕರೆದೊಯ್ದಳು. ನಮಗಿಂತ ಮೊದಲೇ ಗೇಟು ದಾಟಿದವರು ಕೃಷ್ಣಾಬಾಯಿ. ಮಂಡಿನೋವಿನ ಹೆಂಗಸು ಅಷ್ಟು ಬಿರುಸಾಗಿ ಓಡಿದ್ದನ್ನು ನಾನು ನೋಡಿರಲಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅಲ್ಲಿಂದಲೇ ಮಗನನ್ನು ಕೂಗಿದರು.

"ಅದನ್ನ ಮುಟ್ಟಬ್ಯಾಡೋ ನಿಶಾಂತ."

ಅವನು ಮುಟ್ಟಿರಲೇ ಇಲ್ಲ. ಸ್ವಿಚ್ಚಿನಿಂದ ಗೇಣು ದೂರದಲ್ಲಿ ಬೆರಳು ಚಾಚಿಕೊಂಡು, ಯಾರಾದರೂ ಬೇಡ ಎನ್ನಲಿ ಎಂದು ಕಾಯುತ್ತ ನಿಂತಿದ್ದ.